‘ಪ್ಲನೇ’ ಪದದ ಅರ್ಥವಿಚಾರ: ಮೋಸ, ಭ್ರಮೆ ಮತ್ತು ದಾರಿತಪ್ಪುವಿಕೆ
(ರಾಯಚೂರು ದೋಆಬಿನ ಭಾಷಾಪರಿಸರದ ಹಿನ್ನೆಲೆಯಲ್ಲಿ)

1. ಪ್ರವೇಶ

ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಆಧ್ಯಾತ್ಮಿಕ ವಂಚನೆಯನ್ನು ಸೂಚಿಸುವ ಪದಗಳಲ್ಲಿ ‘ಪ್ಲನೇ’ ಎಂಬುದು ಪ್ರಮುಖವಾದುದು. ಇದರ ಕ್ರಿಯಾರೂಪ ‘ಪ್ಲನಾಓ’. ಕನ್ನಡ ಬೈಬಲಿನ ಪ್ರಚಲಿತ ಅನುವಾದಗಳಲ್ಲಿ ಈ ಪದಕ್ಕೆ ಹೆಚ್ಚಾಗಿ ದೊರೆಯುವ ಸಮಾನಪದ ‘ಮೋಸ’ ಅಥವಾ ‘ಮೋಸಗೊಳಿಸು’. ಮೇಲ್ನೋಟಕ್ಕೆ ಇದರಲ್ಲಿ ದೋಷವೇನೂ ಕಾಣದು. ಆದರೆ ‘ಪ್ಲನೇ’ಯ ಮೂಲಾರ್ಥ ಮೋಸವಲ್ಲ, ಅಲೆದಾಟ. ಅಲೆಯುವವನು ದಾರಿ ತಪ್ಪುತ್ತಾನೆ. ದಾರಿ ತಪ್ಪಿದವನು ಸುಳ್ಳನ್ನು ನಿಜವೆಂದು ಹಿಡಿಯುತ್ತಾನೆ. ಈ ಅರ್ಥಕ್ರಮದ ಕೊನೆಯ ಮೆಟ್ಟಿಲನ್ನು ಮಾತ್ರ ‘ಮೋಸ’ ಎಂಬ ಪದ ಹಿಡಿದುಕೊಡುತ್ತದೆ. ಮೊದಲಿನ ಎರಡು ಮೆಟ್ಟಿಲುಗಳು ಮರೆಯಾಗುತ್ತವೆ.

ಈ ಮರೆಯಾಗುವಿಕೆಯಿಂದ ಓದುಗನಿಗೆ ಆಗುವ ನಷ್ಟವೇನು, ಅದನ್ನು ತುಂಬಿಕೊಡುವ ಶಕ್ತಿ ಕನ್ನಡಕ್ಕೆ ಇದೆಯೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಈ ಪರಿಶೀಲನೆಗೆ ದೇವಸುಗೂರಿನಿಂದ ದೇವದುರ್ಗ, ಮಾನ್ವಿಗಳವರೆಗೆ ಹಬ್ಬಿರುವ ರಾಯಚೂರು ಸೀಮೆಯ ಭಾಷಾಪರಿಸರವನ್ನು ಆಯ್ದುಕೊಳ್ಳಲಾಗಿದೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಈ ದೋಆಬು ಕನ್ನಡ, ತೆಲುಗು, ಉರ್ದುಗಳು ಬೆರೆತ ನೆಲ; ಶರಣರ, ದಾಸರ ಮತ್ತು ಸೂಫಿಗಳ ಮಾತು ಒಂದೇ ಊರಿನಲ್ಲಿ ಕೇಳಿಬಂದ ನೆಲ. ಎರಡನೆಯದು, ಕನ್ನಡ ಬೈಬಲ್ ಅನುವಾದದ ಆರಂಭದ ಕೇಂದ್ರವಾದ ಬಳ್ಳಾರಿ ಇದಕ್ಕೆ ತುಂಗಭದ್ರೆಯ ಆಚೆದಡವಷ್ಟೇ ದೂರ.

2. ಗ್ರೀಕ್ ಪದದ ಅರ್ಥವ್ಯಾಪ್ತಿ

ಪ್ರಾಚೀನ ಗ್ರೀಕಿನಲ್ಲಿ ಈ ಧಾತುವಿಗೆ ನೆಲೆಯಿಲ್ಲದೆ ತಿರುಗು, ಅಲೆ ಎಂಬ ಅರ್ಥವಿತ್ತು. ಆಕಾಶದಲ್ಲಿ ಸ್ಥಿರವಾಗಿ ನಿಂತಂತೆ ಕಾಣುವ ನಕ್ಷತ್ರಗಳ ನಡುವೆ ಸ್ಥಾನ ಬದಲಿಸುತ್ತ ಸಾಗುವ ಜ್ಯೋತಿಗಳನ್ನು ಗ್ರೀಕರು ‘ಪ್ಲನೇತೇಸ್’, ಅಂದರೆ ಅಲೆಮಾರಿ ಎಂದು ಕರೆದರು. ಯುರೋಪಿನ ಭಾಷೆಗಳಲ್ಲಿ ಗ್ರಹವಾಚಕವಾಗಿರುವ ‘ಪ್ಲಾನೆಟ್’ ಹುಟ್ಟಿದ್ದು ಇದರಿಂದಲೇ. ನಮ್ಮವರು ಅದೇ ಜ್ಯೋತಿಗಳನ್ನು ‘ಗ್ರಹ’, ಅಂದರೆ ಹಿಡಿಯುವುದು ಎಂದು ಕರೆದರು. ಒಂದು ಸಂಸ್ಕೃತಿ ಅವುಗಳಲ್ಲಿ ಅಲೆದಾಟವನ್ನು ಕಂಡರೆ ಇನ್ನೊಂದು ಹಿಡಿತವನ್ನು ಕಂಡಿತು. ಮನುಷ್ಯನ ಬುದ್ಧಿ ಕೆಡುವುದನ್ನು ‘ಗ್ರಹ ಬಡಿಯಿತು’ ಎಂದು ಹೇಳುವ ನಮ್ಮ ರೂಢಿಗೂ ‘ದಾರಿ ತಪ್ಪಿದ’ ಎಂದು ಹೇಳುವ ರೂಢಿಗೂ ಇರುವ ವ್ಯತ್ಯಾಸ ಇಂಥದೇ.

ಇಬ್ರಿಯ ಧರ್ಮಗ್ರಂಥಗಳು ಗ್ರೀಕಿಗೆ ಬಂದಾಗ ‘ತಾಆ’ ಎಂಬ ಇಬ್ರಿಯ ಧಾತುವಿಗೆ ‘ಪ್ಲನಾಓ’ ಸಮಾನಪದವಾಯಿತು. ಆದಿಕಾಂಡದ 37ನೆಯ ಅಧ್ಯಾಯದಲ್ಲಿ ಅಣ್ಣಂದಿರನ್ನು ಹುಡುಕುತ್ತ ಹೊಲದಲ್ಲಿ ಅಲೆಯುವ ಯೋಸೇಫನಿಗೆ ಈ ಮಾತು ಬಳಕೆಯಾಗಿದೆ. ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿ ಕುರುಡನನ್ನು ದಾರಿ ತಪ್ಪಿಸುವವನಿಗೆ ಶಾಪ ಹೇಳುವಾಗಲೂ, ಯೆಶಾಯನ 53ನೆಯ ಅಧ್ಯಾಯದಲ್ಲಿ ಜನರನ್ನು ಚದುರಿದ ಕುರಿಗಳಿಗೆ ಹೋಲಿಸುವಾಗಲೂ ಇದೇ ಪದವಿದೆ. ಮೊದಲನೆಯದರಲ್ಲಿ ಯಾವ ತಪ್ಪೂ ಇಲ್ಲ. ಎರಡನೆಯದರಲ್ಲಿ ತಪ್ಪು ದಾರಿ ತಪ್ಪಿಸಿದವನದು. ಮೂರನೆಯದರಲ್ಲಿ ತಪ್ಪು ಅಲೆದವರದೇ. ಹೊಸ ಒಡಂಬಡಿಕೆ ಈ ಮೂರೂ ಅರ್ಥಚ್ಛಾಯೆಗಳನ್ನು ಪಡೆದುಕೊಂಡಿತು.

ಹೊಸ ಒಡಂಬಡಿಕೆಯಲ್ಲಿ ‘ಪ್ಲನಾಓ’ ಕ್ರಿಯಾಪದ 39 ಸಲ, ‘ಪ್ಲನೇ’ ನಾಮಪದ 10 ಸಲ, ವಂಚಕ ಎಂಬ ಅರ್ಥದ ‘ಪ್ಲನೊಸ್’ 5 ಸಲ ಬಂದಿವೆ. ಈ ಪ್ರಯೋಗಗಳನ್ನು ಕರ್ತೃವಿನ ದೃಷ್ಟಿಯಿಂದ ಹೀಗೆ ವಿಂಗಡಿಸಬಹುದು.

ಒಂದು, ದಾರಿ ತಪ್ಪಿಸುವವನು ಹೊರಗೆ ಇರುವ ಪ್ರಯೋಗಗಳು. ಮತ್ತಾಯನ 24ನೆಯ ಅಧ್ಯಾಯದಲ್ಲಿ ಸುಳ್ಳು ಕ್ರಿಸ್ತರನ್ನೂ ಸುಳ್ಳು ಪ್ರವಾದಿಗಳನ್ನೂ ಕುರಿತ ಎಚ್ಚರಿಕೆಯಲ್ಲಿ ಈ ಕ್ರಿಯಾಪದ ನಾಲ್ಕು ಸಲ ಬರುತ್ತದೆ. ಪ್ರಕಟನೆಯ 12ನೆಯ ಅಧ್ಯಾಯದಲ್ಲಿ ಸೈತಾನನಿಗೆ ಇಡೀ ಲೋಕವನ್ನು ದಾರಿ ತಪ್ಪಿಸುವವನು ಎಂಬ ವಿಶೇಷಣವಿದೆ.

ಎರಡು, ತಪ್ಪಿಸುವವನೂ ತಪ್ಪಿದವನೂ ಒಬ್ಬನೇ ಆಗಿರುವ ಪ್ರಯೋಗಗಳು. ಯೋಹಾನನ ಮೊದಲ ಪತ್ರದ ಮೊದಲ ಅಧ್ಯಾಯದಲ್ಲಿ ತನ್ನಲ್ಲಿ ಪಾಪವಿಲ್ಲವೆನ್ನುವವನು ತನ್ನನ್ನೇ ‘ಪ್ಲನಾಓ’ ಮಾಡಿಕೊಳ್ಳುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಕರ್ತರಿ ಮತ್ತು ಕರ್ಮಣಿ ರೂಪಗಳು ಅಕ್ಕಪಕ್ಕದಲ್ಲೇ ನಿಂತಿವೆ: ಇತರರನ್ನು ಅಡ್ಡದಾರಿಗೆ ಎಳೆಯುವವರು ತಾವೂ ಅಡ್ಡದಾರಿಯಲ್ಲೇ ಇದ್ದಾರೆ ಎಂಬುದು ಅದರ ತಾತ್ಪರ್ಯ.

ಮೂರು, ತಪ್ಪಿಸುವವನ ಪ್ರಸ್ತಾಪವೇ ಇಲ್ಲದ ಪ್ರಯೋಗಗಳು. ಮತ್ತಾಯನ 18ನೆಯ ಅಧ್ಯಾಯದ ಕುರಿಯ ದೃಷ್ಟಾಂತದಲ್ಲಿ ಎರಡು ವಾಕ್ಯಗಳೊಳಗೆ ಈ ಕ್ರಿಯಾಪದ ಮೂರು ಸಲ ಬಂದಿದೆ. ನೂರು ಕುರಿಗಳಲ್ಲಿ ಒಂದು ಅಲೆದು ಹೋಗುತ್ತದೆ. ಯಾರೂ ಅದನ್ನು ವಂಚಿಸಿಲ್ಲ. ಇದೇ ದೃಷ್ಟಾಂತ ಲೂಕನ 15ನೆಯ ಅಧ್ಯಾಯದಲ್ಲೂ ಇದೆ. ಆದರೆ ಅಲ್ಲಿ ‘ಕಳೆದುಹೋಗು’ ಎಂಬರ್ಥದ ಬೇರೆ ಕ್ರಿಯಾಪದವಿದೆ. ಮತ್ತಾಯನು ‘ಪ್ಲನಾಓ’ವನ್ನೇ ಬಳಸಿರುವುದರಿಂದ 18ನೆಯ ಅಧ್ಯಾಯದ ಕುರಿಯೂ 24ನೆಯ ಅಧ್ಯಾಯದ ಜನರೂ ಗ್ರೀಕ್ ಓದುಗನ ಕಿವಿಗೆ ಒಂದೇ ಪದದಿಂದ ಬೆಸೆದುಕೊಳ್ಳುತ್ತವೆ.

ನಾಲ್ಕು, ಅಲೆಯುವವರೇ ನೀತಿವಂತರಾಗಿರುವ ಪ್ರಯೋಗ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ನಂಬಿಕೆಗಾಗಿ ಕಾಡು, ಬೆಟ್ಟ, ಗುಹೆಗಳಲ್ಲಿ ತಿರುಗಿದವರಿಗೆ ಇದೇ ಕ್ರಿಯಾಪದ ಸಂದಿದೆ. ಇಲ್ಲಿ ಮೋಸದ ಸುಳಿವೂ ಇಲ್ಲ.

ಈ ವಿಂಗಡಣೆಯಿಂದ ತಿಳಿಯುವುದಿಷ್ಟು: ‘ಪ್ಲನೇ’ ಒಂದು ಅಪರಾಧದ ಹೆಸರಲ್ಲ, ಒಂದು ಸ್ಥಿತಿಯ ಹೆಸರು. ಅದರ ವಿರುದ್ಧಪದ ‘ಪ್ರಾಮಾಣಿಕತೆ’ ಅಲ್ಲ, ‘ಮಾರ್ಗ’. ಅಪೊಸ್ತಲರ ಕೃತ್ಯಗಳಲ್ಲಿ ಆದಿ ಕ್ರೈಸ್ತರ ಪಂಥಕ್ಕೆ ‘ಮಾರ್ಗ’ ಎಂದೇ ಹೆಸರಿದೆ. ಮಾರ್ಗವಿದೆ ಎಂಬ ನಂಬಿಕೆ ಇದ್ದಲ್ಲಿ ಮಾತ್ರ ಮಾರ್ಗ ತಪ್ಪುವುದಕ್ಕೆ ಅರ್ಥ ಬರುತ್ತದೆ.

3. ಸಮೀಪದ ಪದಗಳು

ಗ್ರೀಕಿನಲ್ಲಿ ವಂಚನೆಗೆ ಬೇರೆ ಪದಗಳಿಲ್ಲದೆ ಇರಲಿಲ್ಲ. ‘ಅಪತೇ’ ಎಂಬುದು ಆಸೆ ತೋರಿಸಿ ಮರುಳು ಮಾಡುವುದನ್ನು ಹೇಳುತ್ತದೆ. ಐಶ್ವರ್ಯದ ಮೋಸ, ಪಾಪದ ಮೋಸ ಎಂಬ ಸಂದರ್ಭಗಳಲ್ಲಿ ಇದು ಬರುತ್ತದೆ. ‘ದೊಲೊಸ್’ ಎಂಬುದು ಯೋಚಿಸಿ ಹೂಡಿದ ಕಪಟ. ಹಳೆಯ ಗ್ರೀಕಿನಲ್ಲಿ ಮೀನಿಗೆ ಇಡುವ ಗಾಳದ ಆಹಾರಕ್ಕೂ ಈ ಪದ ಸಲ್ಲುತ್ತಿತ್ತು. ಇವೆರಡಕ್ಕೂ ‘ಮೋಸ’, ‘ಕಪಟ’, ‘ವಂಚನೆ’ ಎಂಬ ಕನ್ನಡ ಪದಗಳು ಚೆನ್ನಾಗಿ ಒಪ್ಪುತ್ತವೆ. ಏಕೆಂದರೆ ಕನ್ನಡದಲ್ಲಿ ಮೋಸ ಎಂದೊಡನೆ ಮೋಸಗಾರನೊಬ್ಬನು ಕಣ್ಣಮುಂದೆ ಬರುತ್ತಾನೆ. ತೂಕದಲ್ಲಿ ಮೋಸ, ಲೆಕ್ಕದಲ್ಲಿ ಮೋಸ ಎನ್ನುವಾಗ ಉದ್ದೇಶಪೂರ್ವಕವಾಗಿ ಕೆಡಿಸಿದವನಿದ್ದಾನೆ ಎಂಬುದು ನಮ್ಮ ತಿಳಿವಳಿಕೆ. ‘ಪ್ಲನೇ’ಗೂ ಅದೇ ಪದವನ್ನು ಕೊಟ್ಟಾಗ ಗ್ರೀಕಿನ ಮೂರು ಬೇರೆಬೇರೆ ಪರಿಕಲ್ಪನೆಗಳು ಕನ್ನಡದಲ್ಲಿ ಒಂದಾಗಿಬಿಡುತ್ತವೆ.

4. ಕನ್ನಡ ಅನುವಾದಗಳ ಹಾದಿ

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದರು. ವಿಲಿಯಂ ರೀವ್ ಅವರ ಸಹಕಾರವೂ ಈ ಕಾರ್ಯಕ್ಕೆ ದೊರೆಯಿತು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಮರುವರ್ಷ, 1832ರಲ್ಲಿ, ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅನುವಾದವನ್ನು ಪರಿಷ್ಕರಿಸುವ ಕೆಲಸದಲ್ಲಿ ತೊಡಗಿದರು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಅವರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಬೈಬಲ್ ಅನುವಾದವೂ ನಿಘಂಟು ರಚನೆಯೂ ಕನ್ನಡದಲ್ಲಿ ಜೊತೆಜೊತೆಯಾಗಿಯೇ ಬೆಳೆದವು ಎಂಬುದು ಗಮನಾರ್ಹ. ಪರಕೀಯ ಪರಿಕಲ್ಪನೆಯೊಂದಕ್ಕೆ ಕನ್ನಡದ ಪದ ಹುಡುಕುವ ಒತ್ತಡವೇ ಕನ್ನಡದ ಪದಗಳನ್ನು ಕಲೆಹಾಕುವ ಶ್ರಮಕ್ಕೆ ಪ್ರೇರಣೆ ನೀಡಿತು.

ಇಂದು ಬಳಕೆಯಲ್ಲಿರುವ ಅನುವಾದಗಳನ್ನು ನೋಡಿದರೆ ಅನುವಾದಕರು ಸಂದರ್ಭಕ್ಕೆ ತಕ್ಕಂತೆ ಪದ ಬದಲಿಸಿರುವುದು ಕಾಣುತ್ತದೆ. ಮತ್ತಾಯನ 24ರಲ್ಲಿ ‘ಮೋಸಗೊಳಿಸು’, ಅದೇ ಗ್ರಂಥದ 18ರಲ್ಲಿ ‘ತಪ್ಪಿಸಿಕೊಳ್ಳು’, ಯಾಕೋಬನ ಪತ್ರದ ಕೊನೆಯಲ್ಲಿ ‘ತಪ್ಪಿಹೋಗು’, ಯೂದನ ಪತ್ರದ ನಕ್ಷತ್ರಗಳಿಗೆ ‘ಅಲೆಯುವ’, ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ‘ಭ್ರಮೆ’ ಎಂಬ ಪದಗಳು ಬಂದಿವೆ. ಪ್ರತಿಯೊಂದೂ ತನ್ನ ಜಾಗದಲ್ಲಿ ಸಹಜವಾಗಿಯೇ ಇದೆ. ತೊಡಕಿರುವುದು ಒಟ್ಟಂದದಲ್ಲಿ. ಒಂದೇ ದಾರದ ಐದು ಮಣಿಗಳು ಬಿಡಿಯಾಗಿ ಚೆಲ್ಲಿದಂತಾಗಿ, ಮೋಸಹೋದ ಜನಸಮೂಹವೂ ತಪ್ಪಿಸಿಕೊಂಡ ಕುರಿಯೂ ಒಂದೇ ಸ್ಥಿತಿಯಲ್ಲಿವೆ ಎಂಬ ಸಂಬಂಧ ಕನ್ನಡ ಓದುಗನಿಗೆ ಒದಗುವುದಿಲ್ಲ. ಮೊದಲನೆಯದು ಅವನಿಗೆ ವಂಚನೆಯ ಪ್ರಕರಣವಾಗಿ ತೋರುತ್ತದೆ, ಎರಡನೆಯದು ಕುರುಬನ ಕರುಣೆಯ ಕಥೆಯಾಗಿ ತೋರುತ್ತದೆ.

ಆದರೂ ಅನುವಾದಕರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಪೌಲನ ಪತ್ರಗಳಲ್ಲಿ ಎಚ್ಚರಿಕೆಯ ರೂಪದಲ್ಲಿ ಬರುವ ‘ಪ್ಲನಾಓ’ಕ್ಕೆ ಕನ್ನಡದಲ್ಲಿ ‘ಮೋಸಹೋಗು’ ಎಂಬ ಸಂಯುಕ್ತ ಕ್ರಿಯಾಪದ ಬಂದಿದೆ. ಗ್ರೀಕ್ ರೂಪವನ್ನು ‘ತಪ್ಪಿಸಲ್ಪಡಬೇಡಿ’ ಎಂದೂ ‘ತಪ್ಪಿ ನಡೆಯಬೇಡಿ’ ಎಂದೂ ಎರಡು ಬಗೆಯಲ್ಲಿ ಅರ್ಥೈಸಲು ಸಾಧ್ಯ. ಕನ್ನಡದ ‘ಮೋಸಹೋಗು’ ಎಂಬಲ್ಲಿ ಮೋಸ ಪರರದಾದರೂ ‘ಹೋಗು’ವವನು ತಾನೇ. ಹೊರಗಿನ ವಂಚನೆ ಮತ್ತು ಒಳಗಿನ ಒಪ್ಪಿಗೆ ಎರಡೂ ಈ ಒಂದು ಕ್ರಿಯಾಪದದಲ್ಲಿ ಕೂಡಿವೆ. ಗ್ರೀಕಿನ ಚಲನೆಯ ಎಳೆಯೊಂದು ಇಲ್ಲಿ ಅಷ್ಟರಮಟ್ಟಿಗೆ ಉಳಿದುಕೊಂಡಿದೆ.

5. ದೋಆಬಿನ ಪದಸಂಪತ್ತು

ಈಗ ತುಂಗಭದ್ರೆಯ ಈಚೆಗೆ ಬರಬಹುದು. ರಾಯಚೂರು ಸೀಮೆಯ ಜನ ಬಳಸುತ್ತ ಬಂದ ಭಾಷೆಗಳಲ್ಲಿ ‘ಪ್ಲನೇ’ಗೆ ಹತ್ತಿರವಾದ ಪದಗಳು ಯಾವುವು?

ಮೊದಲನೆಯದು ಉರ್ದು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಉರ್ದು ಕಚೇರಿಯ ಭಾಷೆಯೂ ಪೇಟೆಯ ಭಾಷೆಯೂ ಆಗಿತ್ತು. ಉರ್ದುವಿನಲ್ಲಿ ಸತ್ಯಮಾರ್ಗದಿಂದ ಜಾರಿದವನಿಗೆ ‘ಗುಮ್ರಾಹ್’ ಎನ್ನುತ್ತಾರೆ. ‘ಗುಮ್’ ಎಂದರೆ ಕಳೆದುಹೋದ, ‘ರಾಹ್’ ಎಂದರೆ ದಾರಿ. ಎರಡೂ ಪಾರ್ಸಿ ಮೂಲದವು. ‘ದಾರಿ ಕಳೆದುಕೊಂಡವನು’ ಎಂಬುದೇ ಪದಶಃ ಅರ್ಥ. ಇದರ ಎದುರಿಗೆ ಅರಬ್ಬಿಯ ‘ಸಿರಾತ್’, ಅಂದರೆ ನೇರವಾದ ಮಾರ್ಗ, ಎಂಬ ಧಾರ್ಮಿಕ ಪರಿಭಾಷೆಯಿದೆ. ದೇವಸುಗೂರಿನ ಬಳಿ ಕೃಷ್ಣೆಗೆ ನಿಜಾಮರ ಕಾಲದಲ್ಲಿ ಕಟ್ಟಿದ ಸೇತುವೆಗೆ ‘ಸಿರಾತ್-ಎ-ಜೂದಿ’ ಎಂದು ಹೆಸರಿಟ್ಟದ್ದು ಈ ದೃಷ್ಟಿಯಿಂದ ಸ್ವಾರಸ್ಯಕರ. ನದಿ ದಾಟುವ ದಾರಿಗೂ ದೇವರೆಡೆಗಿನ ದಾರಿಗೂ ಒಂದೇ ಪದ ಸಾಕೆಂಬ ಭಾವನೆ ಆ ಹೆಸರಿನಲ್ಲಿದೆ.

ಎರಡನೆಯದು ಅಚ್ಚಕನ್ನಡ. ‘ತಪ್ಪು’ ಎಂಬ ನಮ್ಮ ಪದ ಮೂಲತಃ ಕ್ರಿಯಾಪದ; ಗುರಿ ತಪ್ಪು, ಹಾದಿ ತಪ್ಪು, ಮಾತು ತಪ್ಪು ಎಂಬಲ್ಲೆಲ್ಲ ಇರಬೇಕಾದ ನೆಲೆಯಿಂದ ಸರಿದುಹೋಗುವುದೇ ಅದರ ಅರ್ಥ. ಅಪರಾಧ ಎಂಬ ನಾಮಪದಾರ್ಥ ಅದರಿಂದ ಬೆಳೆದದ್ದು. ‘ಮಗ ಹಾದಿ ತಪ್ಪಿದ’ ಎಂದು ತಾಯಿ ಹೇಳುವಾಗ ದೂರೂ ಇದೆ, ದುಃಖವೂ ಇದೆ, ಮರಳಿ ಬಂದಾನು ಎಂಬ ನಿರೀಕ್ಷೆಯೂ ಇದೆ. ‘ಮಗ ಮೋಸಗಾರನಾದ’ ಎಂಬ ಮಾತಿನಲ್ಲಿ ಈ ನಿರೀಕ್ಷೆಗೆ ಎಡೆಯಿಲ್ಲ.

ಮೂರನೆಯದು ಸಂಸ್ಕೃತದ ‘ಭ್ರಮ್’ ಧಾತು. ಇದರ ಅರ್ಥ ತಿರುಗು, ಅಲೆ. ‘ಭ್ರಮಣ’, ‘ಪರಿಭ್ರಮಣ’ಗಳಲ್ಲಿ ಈ ಅರ್ಥ ಇಂದಿಗೂ ಉಳಿದಿದೆ. ಅಲೆದಾಟದಿಂದ ತಪ್ಪುತಿಳಿವಿಗೆ ಸಾಗಿದ ‘ಭ್ರಮೆ’ಯ ಅರ್ಥವಿಕಾಸ ‘ಪ್ಲನೇ’ಯ ಅರ್ಥವಿಕಾಸಕ್ಕೆ ಸಂಪೂರ್ಣ ಸಮಾನಾಂತರವಾಗಿದೆ. ಇನ್ನೂ ಕುತೂಹಲದ ಸಂಗತಿಯೆಂದರೆ, ಇದೇ ಧಾತುವಿನ ‘ಭ್ರಮಣೆ’ ಕನ್ನಡದಲ್ಲಿ ‘ಬವಣೆ’ ಎಂಬ ತದ್ಭವವಾಗಿ ನಿಂತಿದೆ. ತತ್ಸಮವಾದ ‘ಭ್ರಮೆ’ ಮನಸ್ಸಿನ ಅಲೆದಾಟಕ್ಕೆ ಸಂದರೆ, ತದ್ಭವವಾದ ‘ಬವಣೆ’ ಬದುಕಿನ ಅಲೆದಾಟಕ್ಕೆ, ಅದರ ಕಷ್ಟಕ್ಕೆ ಸಂದಿತು. ಗ್ರೀಕಿನಲ್ಲಿ ಒಂದೇ ಪದ ಹೊತ್ತಿದ್ದ ಎರಡು ಅರ್ಥಗಳನ್ನು ಕನ್ನಡ ಒಂದೇ ಬೇರಿನ ಎರಡು ಕೊಂಬೆಗಳಿಗೆ ಹಂಚಿಕೊಟ್ಟಿದೆ. ಇಬ್ರಿಯರಿಗೆ ಬರೆದ ಪತ್ರದ ನೀತಿವಂತರು ಕಾಡುಮೇಡುಗಳಲ್ಲಿ ಪಟ್ಟದ್ದು ಬವಣೆ. ಥೆಸಲೋನಿಕದ ಪತ್ರ ಹೇಳುವುದು ಭ್ರಮೆ.

ಶರಣರ ಪರಿಭಾಷೆಯಲ್ಲಿ ಈ ಸ್ಥಾನದಲ್ಲಿ ನಿಲ್ಲುವ ಪದ ‘ಮರವೆ’. ಅರಿವು-ಮರವೆಗಳ ಜೋಡಿಯಲ್ಲಿ ಚಿತ್ರ ದಾರಿಯದಲ್ಲ, ನೆನಪಿನದು. ಗ್ರೀಕಿನಲ್ಲಿ ಸತ್ಯಕ್ಕೆ ಇರುವ ‘ಅಲೇಥೇಯ’ ಎಂಬ ಪದವನ್ನು ‘ಮರೆಯಾಗದಿರುವುದು’ ಎಂದು ಬಿಡಿಸುವ ವಾಡಿಕೆಯಿದೆ. ಆದ್ದರಿಂದ ಮರವೆಯ ಚಿತ್ರ ಗ್ರೀಕಿಗೂ ಅಪರಿಚಿತವಲ್ಲ. ಆದರೆ ‘ಪ್ಲನೇ’ಯ ಚಿತ್ರ ಅದಲ್ಲ.

6. ಭ್ರಮೆ ಮತ್ತು ದಾಸಪರಂಪರೆ

‘ಭ್ರಮೆ’ ಎಂಬ ಪದವನ್ನು ಒಪ್ಪುವಾಗ ಒಂದು ಆಕ್ಷೇಪ ಬರಬಹುದು. ಜಗತ್ತೇ ಭ್ರಮೆ ಎಂಬ ಅರ್ಥದಲ್ಲಿ ಆ ಪದ ರೂಢಿಯಲ್ಲಿರುವುದರಿಂದ, ದಾರಿಯೂ ಭ್ರಮೆ, ತಪ್ಪುವುದೂ ಭ್ರಮೆ ಎಂದಾಗುವುದಿಲ್ಲವೇ? ಹಾಗಾದರೆ ಬೈಬಲಿನ ಎಚ್ಚರಿಕೆಗೆ ಅರ್ಥವೇ ಉಳಿಯದು.

ಈ ಆಕ್ಷೇಪಕ್ಕೆ ಉತ್ತರ ದೋಆಬಿನಲ್ಲಿಯೇ ದೊರೆಯುತ್ತದೆ. ವಿಜಯದಾಸರು (1682–1755) ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು (1728–1809) ಮಾನ್ವಿ ಪರಿಸರದ ಬ್ಯಾಗವಾಟದವರು. ಇವರೆಲ್ಲ ಮಾಧ್ವ ಸಿದ್ಧಾಂತವನ್ನು ಕನ್ನಡದಲ್ಲಿ ಜನರ ನಾಲಗೆಗೆ ತಂದವರು. ಆ ಸಿದ್ಧಾಂತದಲ್ಲಿ ಜಗತ್ತು ಸತ್ಯ. ಭ್ರಮೆಯ ಬಗೆಗೆ ಅದರ ವಾದಕ್ಕೆ ‘ಅಭಿನವಾನ್ಯಥಾಖ್ಯಾತಿ’ ಎಂದು ಹೆಸರು. ಚಿಪ್ಪನ್ನು ಬೆಳ್ಳಿಯೆಂದು ಕಂಡಾಗ ಚಿಪ್ಪು ನಿಜವಾಗಿಯೂ ಇದೆ. ಅಲ್ಲಿ ಬೆಳ್ಳಿ ಎಂಬುದು ಎಂದೂ ಇರಲಿಲ್ಲ. ಇಲ್ಲದ್ದನ್ನು ಇದೆಯೆಂದು ಬಗೆದದ್ದೇ ಭ್ರಮೆ. ಅಂದರೆ ಕಣ್ಣೆದುರಿನ ವಸ್ತು ಸುಳ್ಳಲ್ಲ, ನೋಡಿದ ಬಗೆ ಸುಳ್ಳು. ದಾರಿ ಇದ್ದೇ ಇದೆ, ನಡೆದವನು ಅದರಿಂದ ಸರಿದಿದ್ದಾನೆ ಎಂಬ ‘ಪ್ಲನೇ’ಯ ಕಲ್ಪನೆಗೆ ಭ್ರಮೆಯ ಈ ವಿವರಣೆ ಹೊಂದಿಕೊಳ್ಳುತ್ತದೆ. ಎರಡು ದರ್ಶನಗಳ ದೇವರ ಕಲ್ಪನೆ, ಮೋಕ್ಷದ ಕಲ್ಪನೆ ಬೇರೆಬೇರೆ. ಅನುವಾದಕರು ಮಾಧ್ವ ತರ್ಕವನ್ನು ಗಮನದಲ್ಲಿಟ್ಟುಕೊಂಡು ಪದ ಆಯ್ದರೆಂದು ಹೇಳುವುದೂ ಇಲ್ಲಿನ ಉದ್ದೇಶವಲ್ಲ. ಈ ನೆಲದ ಓದುಗನ ಕಿವಿಯಲ್ಲಿ ‘ಭ್ರಮೆ’ಗೆ ಇಂಥದೊಂದು ಅರ್ಥಸಿದ್ಧತೆ ಇದೆ ಎಂಬುದಷ್ಟೇ ಪ್ರತಿಪಾದನೆ.

ಜಗನ್ನಾಥದಾಸರ ಬಗ್ಗೆ ಈ ಸೀಮೆಯಲ್ಲಿ ಪ್ರಚಲಿತವಾಗಿರುವ ಐತಿಹ್ಯವೂ ಇಲ್ಲಿ ಪ್ರಸ್ತುತ. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಕೂರಲೊಲ್ಲದೆ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪದ ನೋವು ನಿಜದ ನೋವಾಗಿ ಕಾಡಿತು. ಮಂತ್ರಾಲಯದಲ್ಲಿ ಸೇವೆ ಮಾಡಿ, ಸ್ವಪ್ನಸೂಚನೆಯಂತೆ ವಿಜಯದಾಸರಲ್ಲಿಗೆ ಬಂದು, ಅವರ ಮಾತಿನಂತೆ ಗೋಪಾಲದಾಸರನ್ನು ಮೊರೆಹೊಕ್ಕರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಪರಂಪರೆ ಹೇಳುತ್ತದೆ.

ಈ ಐತಿಹ್ಯದಲ್ಲಿ ‘ಮೋಸ’ ಎಂಬ ಪದದಿಂದ ವಿವರಿಸಬಹುದಾದ ಭಾಗ ಬಹಳ ಚಿಕ್ಕದು: ಒಂದು ನೆಪದ ಮಾತು. ಉಳಿದದ್ದೆಲ್ಲ ಅಲೆದಾಟ ಮತ್ತು ಮರಳುವಿಕೆ. ಪಾಂಡಿತ್ಯವೇ ದಾರಿಯೆಂದು ನಂಬಿದವನು ಆ ನಂಬಿಕೆಯಿಂದಲೇ ದಾರಿ ತಪ್ಪಿದ. ಇತರರಿಗೆ ಹೇಳಿದ ಸುಳ್ಳು ತನ್ನನ್ನೇ ಹಿಡಿಯಿತು. ತಿಮೊಥೆಯನ ಪತ್ರದಲ್ಲಿ ಅಕ್ಕಪಕ್ಕ ನಿಂತ ಕರ್ತರಿ-ಕರ್ಮಣಿ ರೂಪಗಳಿಗೆ ಇದಕ್ಕಿಂತ ಒಳ್ಳೆಯ ಕನ್ನಡ ನಿದರ್ಶನ ಸಿಗಲಾರದು. ತಾನು ತಿರಸ್ಕರಿಸಿದವರ ಬಾಗಿಲಿಗೇ ಅವನು ನಡೆದು ಬಂದದ್ದರಿಂದ ಕಥೆ ಶಿಕ್ಷೆಯಲ್ಲಿ ಮುಗಿಯದೆ ಅನುಗ್ರಹದಲ್ಲಿ ಮುಗಿಯುತ್ತದೆ.

7. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಯೋಜಿತ ಕಪಟವನ್ನು ಹೇಳುವ ‘ದೊಲೊಸ್’ಗೂ ಆಸೆ ತೋರಿಸಿ ಕೆಡಿಸುವ ‘ಅಪತೇ’ಗೂ ‘ಮೋಸ’, ‘ವಂಚನೆ’ ಪದಗಳನ್ನು ಮೀಸಲಿಡುವುದು ಯುಕ್ತ. ‘ಪ್ಲನಾಓ’ ಕ್ರಿಯಾಪದಕ್ಕೆ ‘ದಾರಿತಪ್ಪು’, ‘ದಾರಿತಪ್ಪಿಸು’ ಎಂಬ ಜೋಡಿ ಹೆಚ್ಚು ಸಮರ್ಪಕ; ಮತ್ತಾಯನ 18 ಮತ್ತು 24ನೆಯ ಅಧ್ಯಾಯಗಳೆರಡರಲ್ಲೂ ಇದು ಸಲೀಸಾಗಿ ಕೂರುತ್ತದೆ, ಅವುಗಳ ನಡುವಣ ಸಂಬಂಧವನ್ನೂ ಕಾಣಿಸುತ್ತದೆ. ದಾರಿ ತಪ್ಪಿದ ಮನಃಸ್ಥಿತಿಗೆ ‘ಭ್ರಮೆ’, ತಪ್ಪಿಲ್ಲದೆ ಅಲೆಯಬೇಕಾದವರ ಪಾಡಿಗೆ ‘ಬವಣೆ’ ಉಚಿತವಾದ ಪದಗಳು.

ಇದು ಕೇವಲ ಪದದ ಆಯ್ಕೆಯ ಪ್ರಶ್ನೆಯಲ್ಲ. ಒಂದು ಸಮುದಾಯ ತನ್ನಿಂದ ಭಿನ್ನವಾಗಿ ನಡೆದವನನ್ನು ಯಾವ ಪದದಿಂದ ಕರೆಯುತ್ತದೆ ಎಂಬುದರ ಮೇಲೆ ಅವನೊಡನೆ ಅದು ನಡೆದುಕೊಳ್ಳುವ ರೀತಿ ನಿಂತಿದೆ. ಮೋಸಗಾರನನ್ನು ಹಿಡಿಯಬೇಕು, ಶಿಕ್ಷಿಸಬೇಕು ಅಥವಾ ಹೊರಹಾಕಬೇಕು ಎನಿಸುತ್ತದೆ. ದಾರಿ ತಪ್ಪಿದವನನ್ನು ಹುಡುಕಬೇಕು, ಕರೆತರಬೇಕು ಎನಿಸುತ್ತದೆ. ಯಾಕೋಬನ ಪತ್ರ ಮುಗಿಯುವುದು ಈ ಎರಡನೆಯ ಕರ್ತವ್ಯದ ನೆನಪಿನೊಂದಿಗೆ.

ಪದಪ್ರಯೋಗದಲ್ಲಿ ಎಚ್ಚರ ಬೇಕೆಂಬುದಕ್ಕೆ ಸುವಾರ್ತೆಗಳಲ್ಲೇ ಇನ್ನೊಂದು ಸಾಕ್ಷ್ಯವಿದೆ. ‘ಪ್ಲನೊಸ್’ ಎಂಬ ಬೈಗುಳ ಮತ್ತಾಯನ 27ನೆಯ ಅಧ್ಯಾಯದಲ್ಲಿ ಅಂಟಿಕೊಂಡದ್ದು ಸ್ವತಃ ಯೇಸುವಿಗೆ. ಪಿಲಾತನ ಮುಂದೆ ಅದನ್ನು ನುಡಿದವರು ಅಂದಿನ ಧರ್ಮಾಧಿಕಾರಿಗಳು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನು ತನ್ನವರನ್ನೂ ಜನ ಹಾಗೆಯೇ ಕರೆಯುತ್ತಾರೆಂದು ಹೇಳಿಕೊಂಡಿದ್ದಾನೆ. ಯಾರು ದಾರಿಯಲ್ಲಿದ್ದಾರೆ, ಯಾರು ತಪ್ಪಿದ್ದಾರೆ ಎಂಬ ತೀರ್ಪು ಅಧಿಕಾರದಲ್ಲಿದ್ದವರ ಬಾಯಿಂದ ಬಂದ ಮಾತ್ರಕ್ಕೆ ಸತ್ಯವಾಗುವುದಿಲ್ಲ ಎಂಬುದನ್ನು ಈ ಪದದ ಚರಿತ್ರೆಯೇ ತಿಳಿಸುತ್ತದೆ. ಶರಣರು, ದಾಸರು, ಸೂಫಿಗಳು, ಕ್ರೈಸ್ತರು ತಂತಮ್ಮ ಹಾದಿಗಳಲ್ಲಿ ಶತಮಾನಗಳಿಂದ ನಡೆದುಬಂದ ದೋಆಬಿನಂಥ ನೆಲದಲ್ಲಿ ಈ ತಿಳಿವಿಗೆ ವಿಶೇಷ ಬೆಲೆಯಿದೆ. ಕನ್ನಡದ ಅನುವಾದಕನು ‘ಪ್ಲನೇ’ಗೆ ಪದ ಆಯುವಾಗ ಗ್ರೀಕ್ ನಿಘಂಟಿನ ಜೊತೆಗೆ ತನ್ನ ನೆಲದ ಜನ ‘ಹಾದಿ ತಪ್ಪಿದ’ ಎನ್ನುವಾಗಿನ ದನಿಯನ್ನೂ ಆಲಿಸುವುದು ಅಗತ್ಯ.